ನಕ್ಷೆ ಬರೆಯಬಲ್ಲ ಮಕ್ಕಳು ನಕ್ಷೆಯನ್ನು ಓದುವಂತೆ ಮಾಡುವುದು ಹೇಗೆ? ಪ್ರೌಢಶಾಲೆಯ ಸಂಖ್ಯಾಶಾಸ್ತ್ರ ಪಾಠದ ಕುರಿತು

ಗಣಿತ ಶಿಕ್ಷಕಿ, ಚಿತ್ತಾಪುರ ತಾಲ್ಲೂಕು

ಒಂಬತ್ತನೆಯ ತರಗತಿಯ ಸಂಖ್ಯಾಶಾಸ್ತ್ರದ ಅಧ್ಯಾಯ ಮುಗಿಯುವ ಹೊತ್ತಿಗೆ ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಸ್ತಂಭಾಲೇಖ, ಹಿಸ್ಟೋಗ್ರಾಂ (ಅಳತೆಯ ಗುಂಪುಗಳನ್ನು ಒತ್ತಾಗಿ ನಿಂತ ಸ್ತಂಭಗಳಾಗಿ ತೋರಿಸುವ ನಕ್ಷೆ), ಆವೃತ್ತಿ ಬಹುಭುಜ (ಆ ಸ್ತಂಭಗಳ ತುದಿಯ ನಡುಬಿಂದುಗಳನ್ನು ಜೋಡಿಸಿದ ಗೆರೆ) ಮೂರನ್ನೂ ಅಂದವಾಗಿ ಬರೆಯುತ್ತಾರೆ. ಅಕ್ಷಗಳಿಗೆ ಹೆಸರು, ಮೂಲೆಯಲ್ಲಿ ಪ್ರಮಾಣ, ತೆಳುವಾದ ಪೆನ್ಸಿಲ್ ಗೆರೆ, ಯಾವುದರಲ್ಲೂ ಕೊರತೆ ಇರುವುದಿಲ್ಲ. ಆದರೆ ಅದೇ ಹಾಳೆಯನ್ನು ಅವರ ಮುಂದಿಟ್ಟು ಇದರಿಂದ ನಿನಗೆ ಏನು ತಿಳಿಯಿತು ಎಂದು ಕೇಳಿದರೆ, ಎಲ್ಲಕ್ಕಿಂತ ಎತ್ತರದ ಸ್ತಂಭ ಯಾವುದು ಎಂಬುದನ್ನು ಬಿಟ್ಟು ಮುಂದಕ್ಕೆ ಮಾತು ಹೊರಡುವುದಿಲ್ಲ.

ಇದಕ್ಕೆ ಮಕ್ಕಳನ್ನು ದೂರುವುದು ಸರಿಯಲ್ಲ ಎಂದು ನಾನು ಭಾವಿಸುತ್ತೇನೆ. ನಾವು ಅವರ ಕೈಗೆ ಒಂದು ಕೋಷ್ಟಕವನ್ನು ಕೊಡುತ್ತೇವೆ. ಅದನ್ನು ಯಾರು, ಏನನ್ನು ತಿಳಿಯಲು ಸಂಗ್ರಹಿಸಿದರು ಎಂಬುದನ್ನು ಹೇಳುವುದಿಲ್ಲ. ಪ್ರಶ್ನೆಯೇ ಇಲ್ಲದೆ ಬರೆದ ನಕ್ಷೆಯಿಂದ ಉತ್ತರವನ್ನು ನಿರೀಕ್ಷಿಸುವುದು ಹೇಗೆ? ಆದ್ದರಿಂದ ಬರೆಯುವುದಕ್ಕೆ ಮೊದಲೇ ಪ್ರಶ್ನೆ ಹುಟ್ಟಬೇಕು, ಆ ಪ್ರಶ್ನೆ ನಮ್ಮ ಭಾಗದ ಬದುಕಿನಿಂದ ಬರಬೇಕು ಎಂಬುದು ನನ್ನ ನಿಲುವು. ಬೀದರ್, ಕಲಬುರಗಿ, ಯಾದಗಿರಿ ಈ ನಮ್ಮ ಮೂರು ಜಿಲ್ಲೆಗಳ ಶಿಕ್ಷಕರು ಯಾವ ದತ್ತಾಂಶವನ್ನು ಬಳಸುತ್ತೀರಿ, ಓದುವ ಅಭ್ಯಾಸವನ್ನು ಹೇಗೆ ಮಾಡಿಸುತ್ತೀರಿ ಎಂಬುದನ್ನು ವಿವರವಾಗಿ ಬರೆಯಬೇಕೆಂದು ವಿನಂತಿಸುತ್ತೇನೆ.

ಪ್ರೌಢಶಾಲಾ ಶಿಕ್ಷಕ, ಸುರಪುರ

ನಿಮ್ಮ ಮಾತನ್ನು ಒಪ್ಪುತ್ತೇನೆ, ಆದರೆ ಹತ್ತನೆಯ ತರಗತಿಯ ಪಾಠ ಮಾಡುವವರ ಕಷ್ಟವನ್ನೂ ಇಲ್ಲಿ ಹೇಳಬೇಕು. ಪರೀಕ್ಷೆಯಲ್ಲಿ ಅಂಕ ಬರುವುದು ಪ್ರಮಾಣಕ್ಕೆ, ಬಿಂದುಗಳನ್ನು ಸರಿಯಾಗಿ ಗುರುತಿಸಿದ್ದಕ್ಕೆ, ಗೆರೆಯನ್ನು ಜೋಡಿಸಿದ್ದಕ್ಕೆ. ಹಿಂದುಳಿದ ಮಕ್ಕಳಿಗೆ ಉತ್ತೀರ್ಣರಾಗಲು ಭರವಸೆ ಕೊಡುವ ಕೆಲವೇ ಪ್ರಶ್ನೆಗಳಲ್ಲಿ ನಕ್ಷೆಯ ಪ್ರಶ್ನೆಯೂ ಒಂದು. ಹೀಗಿರುವಾಗ ನಾವು ಕ್ರಮವನ್ನೇ ಮತ್ತೆ ಮತ್ತೆ ತಿದ್ದಿಸುತ್ತೇವೆ, ಹಾಗೆ ಮಾಡುವುದು ತಪ್ಪು ಎಂದು ನನಗೆ ಅನಿಸುವುದಿಲ್ಲ.

ಬರೆದ ಪ್ರತಿ ನಕ್ಷೆಯ ಕೆಳಗೆ ಎರಡು ವಾಕ್ಯಗಳನ್ನು ಬರೆಯುವ ನಿಯಮವನ್ನು ಮಾತ್ರ ನಾನು ಇಟ್ಟುಕೊಂಡಿದ್ದೇನೆ. ಅದಕ್ಕೆ ಹೆಚ್ಚು ಸಮಯ ಬೇಕಾಗುವುದಿಲ್ಲ.

ಸಂಖ್ಯಾಶಾಸ್ತ್ರ ಉಪನ್ಯಾಸಕ, ಕಲಬುರಗಿ

ಎರಡು ವಾಕ್ಯಗಳ ನಿಯಮ ಒಳ್ಳೆಯದು. ಆದರೆ ಆ ವಾಕ್ಯಗಳು ಯಾವ ಬಗೆಯವು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಅಮೆರಿಕದ ಗಣಿತ ಶಿಕ್ಷಣ ಸಂಶೋಧಕಿ ಫ್ರಾನ್ಸಿಸ್ ಕರ್ಸಿಯೊ 1987ರಲ್ಲಿ ನಕ್ಷೆಯ ಓದನ್ನು ಮೂರು ಹಂತಗಳಾಗಿ ವಿಂಗಡಿಸಿದರು. ನಕ್ಷೆಯಲ್ಲಿ ನೇರವಾಗಿ ಇರುವುದನ್ನು ಓದುವುದು ಮೊದಲನೆಯದು, ಅದರ ಭಾಗಗಳನ್ನು ಹೋಲಿಸಿ ಸಂಬಂಧವನ್ನು ಕಾಣುವುದು ಎರಡನೆಯದು, ನಕ್ಷೆ ಹೇಳದೆ ಬಿಟ್ಟಿರುವುದರ ಬಗ್ಗೆ ಆಧಾರವಿಟ್ಟು ಊಹಿಸುವುದು ಮೂರನೆಯದು. ಎತ್ತರದ ಸ್ತಂಭ ಯಾವುದು ಎಂಬ ಪ್ರಶ್ನೆ ಮೊದಲ ಹಂತದ್ದು. ನಮ್ಮ ತರಗತಿಗಳು ಬಹುಪಾಲು ಅಲ್ಲಿಯೇ ನಿಂತುಬಿಡುತ್ತವೆ.

ಕಲಬುರಗಿಯ ಮಕ್ಕಳಿಗೆ ಎಲ್ಲಕ್ಕಿಂತ ಹತ್ತಿರದ ದತ್ತಾಂಶವೆಂದರೆ ತೊಗರಿಯದು. ಕೇಂದ್ರ ಸರ್ಕಾರ ಕ್ವಿಂಟಲ್ ತೊಗರಿಗೆ ಘೋಷಿಸಿದ ಕನಿಷ್ಠ ಬೆಂಬಲ ಬೆಲೆ 2018-19ರಲ್ಲಿ 5,675 ರೂಪಾಯಿ ಇತ್ತು. ಆಮೇಲಿನ ವರ್ಷಗಳಲ್ಲಿ ಅದು ಕ್ರಮವಾಗಿ 5,800, 6,000, 6,300, 6,600, 7,000, 7,550 ಆಗಿ, 2025-26ಕ್ಕೆ 8,000 ರೂಪಾಯಿ ತಲುಪಿತು. ಈ ಎಂಟು ಸಂಖ್ಯೆಗಳು ಮೂರೂ ಹಂತಗಳ ಪಾಠಕ್ಕೆ ಸಾಕು. 2021-22ರ ಬೆಲೆ ಎಷ್ಟು ಎಂದು ಕೇಳುವುದು ಮೊದಲ ಹಂತ. ಒಂದು ವರ್ಷದಿಂದ ಇನ್ನೊಂದಕ್ಕೆ ಅತಿ ಹೆಚ್ಚು ಏರಿಕೆ ಯಾವಾಗ ಆಯಿತು ಎಂದು ಕೇಳುವುದು ಎರಡನೆಯ ಹಂತ. ಇಲ್ಲಿ ಮಗು ಸ್ತಂಭಗಳ ಎತ್ತರವನ್ನು ಬಿಟ್ಟು ಅಕ್ಕಪಕ್ಕದ ಸ್ತಂಭಗಳ ಅಂತರವನ್ನು ನೋಡಬೇಕಾಗುತ್ತದೆ, 2024-25ರಲ್ಲಿ ಆದ 550 ರೂಪಾಯಿಯ ಏರಿಕೆಯನ್ನು ಹುಡುಕಿ ತೆಗೆಯಬೇಕಾಗುತ್ತದೆ. ಈ ಗೆರೆಯನ್ನು ಹೀಗೆಯೇ ಮುಂದಕ್ಕೆ ಎಳೆದರೆ ಬರುವ ವರ್ಷದ ಬೆಲೆ ಸಿಗುತ್ತದೆಯೇ ಎಂಬುದು ಮೂರನೆಯ ಹಂತ. ಬೆಂಬಲ ಬೆಲೆಯನ್ನು ಸರ್ಕಾರ ನಿರ್ಧರಿಸುತ್ತದೆ, ಅದು ಗೆರೆಯ ಮಾತನ್ನು ಕೇಳಬೇಕಾಗಿಲ್ಲ ಎಂಬ ಉತ್ತರ ಮಕ್ಕಳ ಬಾಯಿಂದಲೇ ಬಂದರೆ ಪಾಠ ಗೆದ್ದಂತೆ.

ಇದೇ ಸಂಖ್ಯೆಗಳಿಂದ ಇನ್ನೂ ಮುಖ್ಯವಾದ ಒಂದು ಪಾಠವಿದೆ. ತರಗತಿಯ ಅರ್ಧ ಮಕ್ಕಳಿಗೆ ಲಂಬ ಅಕ್ಷವನ್ನು ಸೊನ್ನೆಯಿಂದ ಆರಂಭಿಸಿ 1 ಸೆಂಟಿಮೀಟರಿಗೆ 1,000 ರೂಪಾಯಿ ಇಟ್ಟುಕೊಳ್ಳಲು ಹೇಳಬೇಕು. ಉಳಿದ ಅರ್ಧಕ್ಕೆ ಅದೇ ಅಕ್ಷವನ್ನು 5,500ರಿಂದ ಆರಂಭಿಸಿ 1 ಸೆಂಟಿಮೀಟರಿಗೆ 250 ರೂಪಾಯಿ ಇಟ್ಟುಕೊಳ್ಳಲು ಹೇಳಬೇಕು. ಮೊದಲ ಗುಂಪಿನ ಹಾಳೆಯಲ್ಲಿ ಆರಂಭದ ಸ್ತಂಭ ಸುಮಾರು 5.7 ಸೆಂಟಿಮೀಟರ್, ಕೊನೆಯದು 8 ಸೆಂಟಿಮೀಟರ್ ಇರುತ್ತದೆ. ಎರಡನೆಯ ಗುಂಪಿನ ಹಾಳೆಯಲ್ಲಿ ಅವು 0.7 ಮತ್ತು 10 ಸೆಂಟಿಮೀಟರ್ ಆಗುತ್ತವೆ. ಬೆಲೆ ನಿಜವಾಗಿ ಏರಿದ್ದು ಶೇಕಡಾ 41ರಷ್ಟು, ಆದರೆ ಎರಡನೆಯ ಹಾಳೆಯಲ್ಲಿ ಕೊನೆಯ ಸ್ತಂಭ ಮೊದಲನೆಯದರ 14 ಪಟ್ಟು ಎತ್ತರ ನಿಲ್ಲುತ್ತದೆ. ಎರಡು ಹಾಳೆಗಳನ್ನೂ ಗೋಡೆಗೆ ಅಂಟಿಸಿದಾಗ, ಸಂಖ್ಯೆಗಳನ್ನು ಒಂದಿಷ್ಟೂ ತಿರುಚದೆ ನೋಡುವವರ ಅಭಿಪ್ರಾಯವನ್ನು ತಿರುಚಬಹುದು ಎಂಬುದು ಮಕ್ಕಳಿಗೆ ಉಪದೇಶವಿಲ್ಲದೆಯೇ ತಿಳಿಯುತ್ತದೆ.

ಸ್ತಂಭಾಲೇಖದಲ್ಲಿ ಕಣ್ಣು ಅಳೆಯುವುದು ಉದ್ದವನ್ನು. ಆದ್ದರಿಂದ ಅದರ ಲಂಬ ಅಕ್ಷ ಸೊನ್ನೆಯಿಂದಲೇ ಹೊರಡಬೇಕು. ಗೆರೆನಕ್ಷೆಯಲ್ಲಿ ಕಣ್ಣು ಓರೆಯನ್ನೂ ಏರಿಳಿತವನ್ನೂ ನೋಡುತ್ತದೆ; ಅಲ್ಲಿ ಬೇರೆ ಸಂಖ್ಯೆಯಿಂದ ಆರಂಭಿಸಬಹುದು, ಆದರೆ ಹಾಗೆ ಮಾಡಿರುವುದು ನೋಡುವವರಿಗೆ ಸ್ಪಷ್ಟವಾಗಿ ಕಾಣಬೇಕು.

ರೈತ ಮತ್ತು ಪಾಲಕ, ಆಳಂದ ತಾಲ್ಲೂಕು

ನಾನು ಶಿಕ್ಷಕನಲ್ಲ, ಆದರೆ ತೊಗರಿಯ ಮಾತು ಬಂದಿರುವುದರಿಂದ ಬರೆಯುತ್ತಿದ್ದೇನೆ. ಬೆಂಬಲ ಬೆಲೆಯ ನಕ್ಷೆಯೊಂದನ್ನೇ ನೋಡಿದ ಮಗು, ರೈತನಿಗೆ ವರ್ಷದಿಂದ ವರ್ಷಕ್ಕೆ ಹೆಚ್ಚು ಹಣ ಸಿಗುತ್ತಲೇ ಇದೆ ಎಂದು ತಿಳಿದುಬಿಡಬಹುದು. ಕಲಬುರಗಿ ಗಂಜಿನಲ್ಲಿ, ಅಂದರೆ ಕೃಷಿ ಮಾರುಕಟ್ಟೆಯಲ್ಲಿ, ನಮಗೆ ಸಿಗುವ ದರ ಬೇರೆ. ಅದು ಕೆಲವೊಮ್ಮೆ ಬೆಂಬಲ ಬೆಲೆಗಿಂತ ಬಹಳ ಮೇಲಿರುತ್ತದೆ, ಕೆಲವೊಮ್ಮೆ ಕೆಳಗಿರುತ್ತದೆ. ಡಿಸೆಂಬರ್, ಜನವರಿಯಲ್ಲಿ ರಾಶಿ ಮುಗಿದು ಎಲ್ಲರ ಮಾಲೂ ಒಟ್ಟಿಗೆ ಬಂದಾಗ ದರದ ಮೇಲೆ ಒತ್ತಡ ಬೀಳುತ್ತದೆ. ಮನೆಯಲ್ಲಿ ಇಟ್ಟುಕೊಳ್ಳುವ ಶಕ್ತಿ ಇಲ್ಲದವರು ಆಗಲೇ ಮಾರಬೇಕಾಗುತ್ತದೆ. ಆದ್ದರಿಂದ ಬೆಂಬಲ ಬೆಲೆಯ ಗೆರೆ, ಮಾರುಕಟ್ಟೆಯ ದರದ ಗೆರೆ ಎರಡನ್ನೂ ಒಂದೇ ಹಾಳೆಯಲ್ಲಿ ಬರೆಸಿರಿ. ಯಾವ ತಿಂಗಳಲ್ಲಿ ಎರಡನೆಯದು ಮೊದಲನೆಯದರ ಕೆಳಗೆ ಇಳಿಯುತ್ತದೆ ಎಂಬುದನ್ನು ಹುಡುಗರು ಗುರುತಿಸಲಿ.

ಕೃಷಿ ಮಾರುಕಟ್ಟೆಯ ದಿನದ ಪಟ್ಟಿಯಲ್ಲಿ ಕನಿಷ್ಠ ದರ, ಗರಿಷ್ಠ ದರ, ಮಾದರಿ ದರ ಎಂದು ಮೂರು ಸಂಖ್ಯೆಗಳಿರುತ್ತವೆ. ಗರಿಷ್ಠ ದರವನ್ನು ಕೇಳಿ ಹಿಗ್ಗಿ ಗಂಜಿಗೆ ಹೋಗುವವರು ಇಂದಿಗೂ ಇದ್ದಾರೆ. ಆ ದರ ಒಂದೆರಡು ಒಳ್ಳೆಯ ರಾಶಿಗೆ ಮಾತ್ರ ಬಿದ್ದಿರಬಹುದು. ಹೆಚ್ಚಿನ ಮಾಲು ಮಾರಾಟವಾದದ್ದು ಮಾದರಿ ದರಕ್ಕೆ.

ಸಂಖ್ಯಾಶಾಸ್ತ್ರ ಉಪನ್ಯಾಸಕ, ಕಲಬುರಗಿ

ಈ ಮಾತು ನಮ್ಮ ಪಾಠಕ್ಕೆ ನೇರವಾಗಿ ಸೇರುತ್ತದೆ. ಹತ್ತನೆಯ ತರಗತಿಯಲ್ಲಿ ಸರಾಸರಿ, ಮಧ್ಯಾಂಕ (ಏರಿಕೆಯ ಕ್ರಮದಲ್ಲಿಟ್ಟಾಗ ನಡುವೆ ಬರುವ ಸಂಖ್ಯೆ), ರೂಢಿಬೆಲೆ (ಎಲ್ಲಕ್ಕಿಂತ ಹೆಚ್ಚು ಸಲ ಬರುವ ಸಂಖ್ಯೆ) ಮೂರನ್ನೂ ಸೂತ್ರಗಳಾಗಿ ಕಲಿಸುತ್ತೇವೆ. ಯಾವ ಸಂದರ್ಭದಲ್ಲಿ ಯಾವುದನ್ನು ಕೇಳಬೇಕು ಎಂಬುದನ್ನು ಕಲಿಸುವುದು ಕಡಿಮೆ. ಮಾರುವವನಿಗೆ ಬೇಕಾದದ್ದು ರೂಢಿಬೆಲೆ, ಅಂದರೆ ಪಟ್ಟಿಯಲ್ಲಿನ ಮಾದರಿ ದರ, ಏಕೆಂದರೆ ತನ್ನ ಮಾಲಿಗೂ ಸಿಗುವ ಸಾಧ್ಯತೆ ಹೆಚ್ಚಿರುವುದು ಆ ದರವೇ. ಕನಿಷ್ಠ ಮತ್ತು ಗರಿಷ್ಠ ದರಗಳನ್ನು ಒಂದು ಲಂಬ ಗೆರೆಯ ಎರಡು ತುದಿಗಳಾಗಿಟ್ಟು, ಮಾದರಿ ದರವನ್ನು ಅದರ ಮೇಲೊಂದು ಚುಕ್ಕೆಯಾಗಿ ಗುರುತಿಸಿ, ದಿನಕ್ಕೊಂದರಂತೆ ಒಂದು ತಿಂಗಳ ಗೆರೆಗಳನ್ನು ಸಾಲಾಗಿ ಬರೆಸಿದರೆ, ಚುಕ್ಕೆ ಮೇಲಿನ ತುದಿಗೆ ಹತ್ತಿರವಿದೆಯೋ ಕೆಳಗಿನ ತುದಿಗೋ ಎಂಬುದೇ ಒಂದು ಚರ್ಚೆಯಾಗುತ್ತದೆ.

ಸಮಾಜ ವಿಜ್ಞಾನ ಶಿಕ್ಷಕಿ, ಯಾದಗಿರಿ

ನಕ್ಷೆ ಗಣಿತದ ಸ್ವತ್ತು ಮಾತ್ರ ಅಲ್ಲ ಎಂಬುದನ್ನು ನೆನಪಿಸಲು ಬಯಸುತ್ತೇನೆ. ನಾನು ಜನಗಣತಿಯ ಅಂಕಿಗಳನ್ನು ಬಳಸುತ್ತೇನೆ. 2011ರ ಜನಗಣತಿಯಂತೆ ಸಾಕ್ಷರತೆ ಬೀದರ್ ಜಿಲ್ಲೆಯಲ್ಲಿ ಶೇಕಡಾ 70.51, ಕಲಬುರಗಿಯಲ್ಲಿ 64.85, ಯಾದಗಿರಿಯಲ್ಲಿ 51.83, ಇಡೀ ರಾಜ್ಯದ್ದು 75.36.

ಇವನ್ನು ವೃತ್ತಾಲೇಖದಲ್ಲಿ ಬರೆಯಿರಿ ಎಂದರೆ ಬಹಳಷ್ಟು ಮಕ್ಕಳು ಮರುಮಾತಿಲ್ಲದೆ ಕೈವಾರ ಹಿಡಿಯುತ್ತಾರೆ. ಶೇಕಡಾ ಚಿಹ್ನೆ ಕಂಡರೆ ವೃತ್ತ ಎಂಬ ಅಭ್ಯಾಸ ಅಷ್ಟು ಬಲವಾಗಿದೆ. ಆಗ ಮೂರು ಜಿಲ್ಲೆಗಳ ಸಂಖ್ಯೆಗಳನ್ನು ಕೂಡಿಸಲು ಹೇಳಬೇಕು. ಮೊತ್ತ 187.19 ಬರುತ್ತದೆ. ನೂರಕ್ಕೆ 187 ಭಾಗಗಳಿರುವುದು ಹೇಗೆ ಎಂದು ಅವರೇ ತಲೆ ಕೆರೆದುಕೊಳ್ಳುತ್ತಾರೆ. ಈ ಮೂರೂ ಒಂದೇ ಇಡಿಯ ಭಾಗಗಳಲ್ಲ, ಒಂದೊಂದಕ್ಕೂ ಅದರದೇ ಇಡಿ ಇದೆ ಎಂಬುದು ಅಲ್ಲಿ ಹೊಳೆಯುತ್ತದೆ. ವೃತ್ತಾಲೇಖವೇ ಬೇಕೆಂದರೆ ಜನಸಂಖ್ಯೆಯನ್ನು ತೆಗೆದುಕೊಳ್ಳಬಹುದು. ಅದೇ ಜನಗಣತಿಯಲ್ಲಿ ಬೀದರ್ 17,03,300, ಕಲಬುರಗಿ 25,66,326, ಯಾದಗಿರಿ 11,74,271. ಕೋನಗಳು ಕ್ರಮವಾಗಿ ಸುಮಾರು 112.6, 169.7 ಮತ್ತು 77.7 ಡಿಗ್ರಿ. ಇಲ್ಲಿ ಮೂರೂ ಸೇರಿ ನಿಜವಾಗಿಯೇ ಒಂದು ಇಡಿಯಾಗುತ್ತವೆ.

ಶಿಕ್ಷಕ, ಗುರುಮಠಕಲ್

ಸಾಕ್ಷರತೆಯ ನಕ್ಷೆಯ ಬಗ್ಗೆ ನನಗೊಂದು ಆಕ್ಷೇಪವಿದೆ. ನಮ್ಮ ಜಿಲ್ಲೆ ರಾಜ್ಯದಲ್ಲೇ ಕೊನೆಯ ಸ್ಥಾನದಲ್ಲಿದೆ ಎಂಬುದನ್ನು ನಮ್ಮ ಮಕ್ಕಳು ಈಗಾಗಲೇ ಸಾಕಷ್ಟು ಕೇಳಿದ್ದಾರೆ. ಅವರ ಕೈಯಿಂದಲೇ ಎಲ್ಲಕ್ಕಿಂತ ಗಿಡ್ಡ ಸ್ತಂಭವನ್ನು ಬರೆಸಿ, ಅದರ ಕೆಳಗೆ ಅವರ ಊರಿನ ಹೆಸರನ್ನು ಹಾಕಿಸುವುದರಿಂದ ಯಾವ ಕಲಿಕೆ ಆಗುತ್ತದೆ? ಓದು ಬಾರದ ತಂದೆ ತಾಯಿಯ ಮಕ್ಕಳೇ ತರಗತಿಯ ತುಂಬ ಇರುವಾಗ ಇದನ್ನು ಬಹಳ ಎಚ್ಚರದಿಂದ ಮಾಡಬೇಕು.

ಸಮಾಜ ವಿಜ್ಞಾನ ಶಿಕ್ಷಕಿ, ಯಾದಗಿರಿ

ನಿಮ್ಮ ಆತಂಕ ನ್ಯಾಯವಾದದ್ದು. ಆದರೆ ಆ ಸಂಖ್ಯೆಯನ್ನು ಮುಚ್ಚಿಟ್ಟರೆ ಮಕ್ಕಳು ಅದನ್ನು ಬೇರೆಯವರ ಬಾಯಿಂದ, ಬೇರೆ ಧ್ವನಿಯಲ್ಲಿ ಕೇಳುತ್ತಾರೆ. ನಾನು ಒಂಟಿ ಸ್ತಂಭದ ಬದಲು ಜೋಡಿ ಸ್ತಂಭಗಳನ್ನು ಬರೆಸುತ್ತೇನೆ. ಅದೇ 2011ರ ಗಣತಿಯಲ್ಲಿ ಪುರುಷರ ಮತ್ತು ಮಹಿಳೆಯರ ಸಾಕ್ಷರತೆ ಬೀದರಿನಲ್ಲಿ 79.09 ಮತ್ತು 61.55, ಕಲಬುರಗಿಯಲ್ಲಿ 74.38 ಮತ್ತು 55.09, ಯಾದಗಿರಿಯಲ್ಲಿ 62.25 ಮತ್ತು 41.38. ಈಗ ಅಂತರವನ್ನು ನೋಡಿರಿ. ಬೀದರಿನಲ್ಲಿ ಸುಮಾರು 17.5 ಶೇಕಡಾ ಅಂಶ, ಕಲಬುರಗಿಯಲ್ಲಿ 19, ಯಾದಗಿರಿಯಲ್ಲಿ 21. ಸ್ತಂಭಗಳ ಎತ್ತರದಲ್ಲಿ ಇಷ್ಟು ವ್ಯತ್ಯಾಸವಿದ್ದರೂ ಹೆಣ್ಣು ಗಂಡಿನ ನಡುವಿನ ಕಂದಕ ಮೂರು ಜಿಲ್ಲೆಗಳಲ್ಲೂ ಹೆಚ್ಚುಕಡಿಮೆ ಒಂದೇ ಅಳತೆಯದು. ಚರ್ಚೆ ಅಲ್ಲಿಗೆ ತಿರುಗಿದ ಮೇಲೆ ಯಾವ ಜಿಲ್ಲೆ ಮುಂದೆ, ಯಾವುದು ಹಿಂದೆ ಎಂಬ ಮಾತು ಹಿಂದೆ ಸರಿಯುತ್ತದೆ, ತಮ್ಮ ಅಕ್ಕಂದಿರು ಶಾಲೆ ಬಿಟ್ಟದ್ದು ಯಾವ ತರಗತಿಯಲ್ಲಿ ಮತ್ತು ಏಕೆ ಎಂಬ ಮಾತು ಮುಂದಕ್ಕೆ ಬರುತ್ತದೆ. ಹುಡುಗಿಯರು ಆ ಹೊತ್ತಿನಲ್ಲಿ ಆಡುವ ಮಾತುಗಳನ್ನು ಯಾವ ಪಠ್ಯಪುಸ್ತಕವೂ ಒದಗಿಸಲಾರದು.

ನಿವೃತ್ತ ಮುಖ್ಯೋಪಾಧ್ಯಾಯ, ಭಾಲ್ಕಿ

ಸಾಕ್ಷರತೆಯ ಗೆರೆನಕ್ಷೆಯನ್ನು 2001ರಿಂದ 2011ಕ್ಕೆ ಎಳೆಸುವವರು ಒಂದು ಸಂಗತಿಯನ್ನು ಗಮನಿಸಬೇಕು. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2010ರಲ್ಲಿ. 2001ರ ಗುಲ್ಬರ್ಗಾ (ಇಂದಿನ ಕಲಬುರಗಿ) ಜಿಲ್ಲೆಯ ಅಂಕಿಯಲ್ಲಿ ಶಹಾಪುರ, ಸುರಪುರ, ಯಾದಗಿರಿ ತಾಲ್ಲೂಕುಗಳೂ ಸೇರಿದ್ದವು, 2011ರ ಅಂಕಿಯಲ್ಲಿ ಅವು ಇಲ್ಲ. ಎರಡನ್ನೂ ಒಂದೇ ಹೆಸರಿನ ಅಡಿಯಲ್ಲಿ ಗೆರೆಯಿಂದ ಜೋಡಿಸಿದರೆ, ಏರಿಕೆಯ ಒಂದು ಭಾಗ ಓದು ಹೆಚ್ಚಿದ್ದರಿಂದ ಬಂದದ್ದಲ್ಲ, ಗಡಿ ಬದಲಾದದ್ದರಿಂದ ಬಂದದ್ದು. 2011ರ ಎರಡೂ ಜಿಲ್ಲೆಗಳನ್ನು ಜನಸಂಖ್ಯೆಯ ತೂಕದೊಂದಿಗೆ, ಅಂದರೆ ಹೆಚ್ಚು ಜನರಿರುವ ಜಿಲ್ಲೆಗೆ ಅಷ್ಟೇ ಹೆಚ್ಚು ಪಾಲು ಕೊಟ್ಟು, ಸರಾಸರಿ ತೆಗೆದು ನೋಡಿದರೆ ಅವಿಭಜಿತ ಜಿಲ್ಲೆಯ ಸಾಕ್ಷರತೆ ಸುಮಾರು 61 ಬರುತ್ತದೆ, ಪ್ರಕಟಿತ 64.85ಕ್ಕಿಂತ ಇದು ಸಾಕಷ್ಟು ಕಡಿಮೆ. ಸರಿಯಾಗಿ ಮಾಡಬೇಕೆಂದರೆ 7 ವರ್ಷ ಮತ್ತು ಮೇಲ್ಪಟ್ಟವರ ಸಂಖ್ಯೆಯನ್ನು ತೂಕವಾಗಿ ಬಳಸಬೇಕು, ಏಕೆಂದರೆ ಜನಗಣತಿಯಲ್ಲಿ ಸಾಕ್ಷರತೆಯನ್ನು ಲೆಕ್ಕಹಾಕುವುದು ಆ ವಯಸ್ಸಿನವರಿಗೆ ಮಾತ್ರ. ತೂಕದ ಸರಾಸರಿ ಎಂದರೇನು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ನನಗೆ ತೋಚುತ್ತಿಲ್ಲ.

ಕೆಳಗಿನ ತರಗತಿಗಳ ಚಿತ್ರನಕ್ಷೆಯ ಬಗ್ಗೆಯೂ ಒಂದು ಮಾತು. ಇಳುವರಿ ಎರಡು ಪಟ್ಟಾಯಿತು ಎಂದು ತೋರಿಸಲು ತೊಗರಿ ಚೀಲದ ಚಿತ್ರವನ್ನು ಎರಡು ಪಟ್ಟು ಎತ್ತರ, ಎರಡು ಪಟ್ಟು ಅಗಲ ಮಾಡಿದರೆ ಹಾಳೆಯ ಮೇಲೆ ಅದು ನಾಲ್ಕು ಪಟ್ಟು ಜಾಗ ಹಿಡಿಯುತ್ತದೆ. ಒಂದೇ ಅಳತೆಯ ಚೀಲಗಳನ್ನು ಎಣಿಸಿ ಸಾಲಾಗಿ ಬರೆಸುವುದೇ ಸರಿ.

ಶಿಕ್ಷಕ, ಔರಾದ್

ಹಿಸ್ಟೋಗ್ರಾಂನಲ್ಲಿ ಸ್ತಂಭಗಳ ನಡುವೆ ಜಾಗ ಬಿಡಬಾರದು ಎಂಬುದನ್ನು ನಿಯಮವಾಗಿ ಹೇಳಿದರೆ ಮಕ್ಕಳು ನೆನಪಿಡುತ್ತಾರೆ, ಆದರೆ ವರ್ಗಾಂತರಗಳ (ಸಂಖ್ಯೆಗಳನ್ನು ಹಂಚಿದ ಗುಂಪುಗಳ) ಅಗಲ ಬೇರೆ ಬೇರೆ ಇದ್ದಾಗ ಎತ್ತರವನ್ನು ತಿದ್ದಬೇಕು ಎಂಬುದು ಎಷ್ಟು ಹೇಳಿದರೂ ನಿಲ್ಲುವುದಿಲ್ಲ. ನಮ್ಮಲ್ಲಿ ಮನೆಯಲ್ಲಿ ಮರಾಠಿ ಆಡುವ ಮಕ್ಕಳು, ತಾಂಡಾಗಳಿಂದ ಬರುವ ಲಂಬಾಣಿ ಮಕ್ಕಳು ಬಹಳ ಇದ್ದಾರೆ. ಕನ್ನಡದ ಉದ್ದ ವಿವರಣೆಗಿಂತ ಕಣ್ಣಿಗೆ ಕಾಣುವ ಒಂದು ದಾರಿ ಇದ್ದರೆ ತಿಳಿಸಿರಿ.

ಗಣಿತ ಶಿಕ್ಷಕಿ, ಚಿತ್ತಾಪುರ ತಾಲ್ಲೂಕು

ಮನೆಯಿಂದ ಶಾಲೆಗೆ ಇರುವ ದೂರವನ್ನು ತೆಗೆದುಕೊಳ್ಳಿರಿ. ಪ್ರತಿ ಮಗುವಿಗೂ ಅದು ತನ್ನದೇ ಸಂಖ್ಯೆ. ಉದಾಹರಣೆಗೆ 40 ಮಕ್ಕಳಲ್ಲಿ 12 ಮಂದಿ 1 ಕಿಲೋಮೀಟರಿನ ಒಳಗೆ, 10 ಮಂದಿ 1ರಿಂದ 2 ಕಿಲೋಮೀಟರಿನಲ್ಲಿ, 12 ಮಂದಿ 2ರಿಂದ 5ರಲ್ಲಿ, 6 ಮಂದಿ 5ರಿಂದ 10ರಲ್ಲಿ ಇದ್ದಾರೆ ಎಂದು ಇಟ್ಟುಕೊಳ್ಳೋಣ. ಸಂಖ್ಯೆಯನ್ನೇ ಎತ್ತರವಾಗಿ ಬರೆದರೆ ಮೂರನೆಯ ಸ್ತಂಭ ಮೊದಲನೆಯದರಷ್ಟೇ ಎತ್ತರವಾಗಿ, ಮೂರು ಪಟ್ಟು ಅಗಲವಾಗಿ ನಿಂತು, ಹೆಚ್ಚಿನ ಮಕ್ಕಳು ದೂರದವರೇ ಎಂದು ತೋರಿಸುತ್ತದೆ. ಈಗ ಚೌಕುಳಿ ಹಾಳೆಯಲ್ಲಿ ಒಂದು ಮಗುವಿಗೆ ಒಂದು ಚೌಕವೆಂದು ಕೊಟ್ಟು, ಒಂದು ಕಿಲೋಮೀಟರಿಗೆ ಒಂದು ಚೌಕದ ಅಗಲವನ್ನು ಇಡಬೇಕು. ಮೂರನೆಯ ವರ್ಗಾಂತರದ 12 ಚೌಕಗಳು ಮೂರು ಲಂಬ ಸಾಲುಗಳಿಗೆ ಹಂಚಿಹೋಗಿ 4 ಚೌಕದ ಎತ್ತರಕ್ಕೆ ಬರುತ್ತವೆ. ಕೊನೆಯ 6 ಚೌಕಗಳು ಐದು ಸಾಲುಗಳಿಗೆ ಹರಡಿ 1.2 ಎತ್ತರವಾಗುತ್ತವೆ; ಆರನೆಯ ಚೌಕವನ್ನು ಐದು ಪಟ್ಟಿಗಳಾಗಿ ಕತ್ತರಿಸಿ ಹಂಚುವಾಗ ಮಕ್ಕಳಿಗೆ ಸಂತೋಷವೋ ಸಂತೋಷ. ಮಕ್ಕಳ ಸಂಖ್ಯೆ ಕುಳಿತಿರುವುದು ಸ್ತಂಭದ ವಿಸ್ತೀರ್ಣದಲ್ಲಿ, ಎತ್ತರದಲ್ಲಿ ಅಲ್ಲ ಎಂಬುದನ್ನು ಭಾಷೆ ಯಾವುದೇ ಇರಲಿ ಕೈ ಕಲಿತುಕೊಳ್ಳುತ್ತದೆ. ದೂರ ಎಂಬುದು ಎಲ್ಲೂ ಕಡಿಯದೆ ಮುಂದುವರಿಯುವ ಅಳತೆಯಾದ್ದರಿಂದ ನಡುವೆ ಜಾಗ ಏಕಿಲ್ಲ ಎಂಬ ಪ್ರಶ್ನೆಗೂ ಅಲ್ಲಿಯೇ ಉತ್ತರವಿದೆ.

ಪ್ರೌಢಶಾಲಾ ಶಿಕ್ಷಕ, ಸುರಪುರ

ಚೌಕಗಳ ದಾರಿ ನನಗೆ ಬಹಳ ಹಿಡಿಸಿತು. ನಾನು ಶಾಲೆಯ ಹಾಜರಾತಿಯನ್ನೂ ಬಳಸಬೇಕೆಂದು ಯೋಚಿಸುತ್ತಿದ್ದೇನೆ. ಹತ್ತಿ ಬಿಡಿಸುವ ಕಾಲಕ್ಕೆ, ಮನೆಯವರು ಬೆಂಗಳೂರು, ಪುಣೆ, ಹೈದರಾಬಾದಿಗೆ ದುಡಿಯಲು ಹೋಗುವ ಕಾಲಕ್ಕೆ ತಿಂಗಳವಾರು ಹಾಜರಾತಿಯ ಗೆರೆ ಇಳಿಯುವುದನ್ನು ಮಕ್ಕಳು ಯಾರೂ ಹೇಳದೆಯೇ ವಿವರಿಸಬಲ್ಲರು.

ಶಿಕ್ಷಕ, ಗುರುಮಠಕಲ್

ತರಗತಿಯ ಒಟ್ಟು ಸಂಖ್ಯೆಯನ್ನು ಮಾತ್ರ ಬಳಸಿರಿ; ಹೆಸರುಗಳಿರುವ ಹಾಜರಿ ಪುಸ್ತಕವನ್ನು ಮಕ್ಕಳ ಮುಂದೆ ಬಿಚ್ಚಬೇಡಿರಿ. ಯಾರ ಮನೆಯವರು ಗುಳೆ ಹೋದರು ಎಂಬುದು ಗೋಡೆಯ ಮೇಲಿನ ನಕ್ಷೆಯಾಗಬಾರದು. ಪರೀಕ್ಷೆಯ ಅಂಕಗಳ ವಿಷಯದಲ್ಲೂ ಇದೇ ಎಚ್ಚರ ಬೇಕು.

ಪಾಲಕಿ, ಬೀದರ್

ಮೊಬೈಲಿನಲ್ಲಿ ಕ್ಷಣದಲ್ಲಿ ನಕ್ಷೆ ಸಿದ್ಧವಾಗುವಾಗ ಕೈಯಿಂದ ಬರೆಸುವುದು ಇನ್ನೂ ಅಗತ್ಯವೇ ಎಂದು ತಿಳಿಯಲು ಬಯಸುತ್ತೇನೆ.

ಸಂಖ್ಯಾಶಾಸ್ತ್ರ ಉಪನ್ಯಾಸಕ, ಕಲಬುರಗಿ

ಪ್ರಮಾಣವನ್ನು ಆರಿಸುವ ಕಷ್ಟವನ್ನು ಒಮ್ಮೆಯಾದರೂ ಅನುಭವಿಸಿದ ಮಗು ಮಾತ್ರ ಬೇರೆಯವರು ಆರಿಸಿದ ಪ್ರಮಾಣವನ್ನು ಅನುಮಾನದಿಂದ ನೋಡಬಲ್ಲದು. ಆದ್ದರಿಂದ ಮೊದಲು ಕೈ, ಆಮೇಲೆ ಯಂತ್ರ. ಯಂತ್ರ ಬಂದ ಮೇಲೆ ಒಂದೇ ದತ್ತಾಂಶವನ್ನು ನಾಲ್ಕು ಬಗೆಯಲ್ಲಿ ಬರೆಸಿ ಯಾವುದು ಪ್ರಶ್ನೆಗೆ ತಕ್ಕದ್ದು ಎಂದು ಆರಿಸುವ ಕೆಲಸಕ್ಕೆ ಸಮಯ ಸಿಗುತ್ತದೆ. ಪಿಯುಸಿ ಮಕ್ಕಳಿಗೆ ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್ಸ್‌ಕೂಂಬ್ 1973ರಲ್ಲಿ ಕೊಟ್ಟ ನಾಲ್ಕು ದತ್ತಾಂಶ ಗುಂಪುಗಳನ್ನು ಬರೆಸಬಹುದು. ಪ್ರತಿಯೊಂದರಲ್ಲೂ 11 ಬಿಂದುಗಳು. ಸರಾಸರಿ, ಚದರಿಕೆ (ಸಂಖ್ಯೆಗಳು ಸರಾಸರಿಯಿಂದ ಎಷ್ಟು ಹರಡಿವೆ ಎಂಬ ಅಳತೆ), ಸಹಸಂಬಂಧ (ಎರಡು ಅಳತೆಗಳು ಎಷ್ಟರ ಮಟ್ಟಿಗೆ ಜೊತೆಯಾಗಿ ಬದಲಾಗುತ್ತವೆ ಎಂಬುದು) ಎಲ್ಲವೂ ಹೆಚ್ಚುಕಡಿಮೆ ಒಂದೇ. ನಕ್ಷೆ ಬರೆದಾಗ ಮಾತ್ರ ಒಂದು ನೇರ ಗೆರೆಯ ಸುತ್ತ ಹರಡಿದೆ, ಇನ್ನೊಂದು ಬಾಗಿದೆ, ಉಳಿದೆರಡರಲ್ಲಿ ಒಂದೊಂದು ಬಿಂದು ದೂರ ನಿಂತು ಲೆಕ್ಕವನ್ನೇ ಎಳೆದಿದೆ ಎಂಬುದು ಕಾಣುತ್ತದೆ.

ಪ್ರೌಢಶಾಲಾ ಶಿಕ್ಷಕ, ಸುರಪುರ

ಓಜೀವ್, ಅಂದರೆ ಆವೃತ್ತಿಗಳನ್ನು (ಪ್ರತಿ ಗುಂಪಿನ ಎಣಿಕೆಯನ್ನು) ಒಂದಕ್ಕೊಂದು ಕೂಡಿಸುತ್ತಾ ಬರೆಯುವ ವಕ್ರರೇಖೆಯ ಬಗ್ಗೆ ಯಾರೂ ಬರೆಯಲಿಲ್ಲ. ಸಂಚಿತ ಆವೃತ್ತಿಯ ಅರ್ಧಕ್ಕೆ ಅಡ್ಡಗೆರೆ ಎಳೆದು ಮಧ್ಯಾಂಕವನ್ನು ಓದುವುದನ್ನು ಬಿಟ್ಟು ಆ ವಕ್ರರೇಖೆಯಿಂದ ಮಕ್ಕಳಿಗೆ ಇನ್ನೇನನ್ನು ತೋರಿಸಬಹುದು?

ರೈತ ಮತ್ತು ಪಾಲಕ, ಆಳಂದ ತಾಲ್ಲೂಕು

ಓಜೀವ್ ಎಂಬುದನ್ನು ನನ್ನ ಮಗಳ ಪುಸ್ತಕದಲ್ಲಿ ನೋಡಿದ್ದೇನೆ. ಕೂಡಿಸುತ್ತಾ ಹೋಗುವ ಲೆಕ್ಕವಾದರೆ ಮಳೆಯನ್ನು ಏಕೆ ತೆಗೆದುಕೊಳ್ಳಬಾರದು? ಗ್ರಾಮ ಪಂಚಾಯಿತಿಗಳಲ್ಲಿ ಮಳೆಮಾಪಕಗಳಿವೆ, ದಿನದ ಮಳೆ ಮಿಲಿಮೀಟರಿನಲ್ಲಿ ಸಿಗುತ್ತದೆ. ಜೂನ್ 1ರಿಂದ ಬಿದ್ದದ್ದನ್ನು ಕೂಡಿಸುತ್ತಾ ಬರೆದರೆ ಗೆರೆ ಏರುತ್ತಾ ಹೋಗುತ್ತದೆ, ಕೆಳಗೆ ಇಳಿಯುವುದಿಲ್ಲ.

ಸಂಖ್ಯಾಶಾಸ್ತ್ರ ಉಪನ್ಯಾಸಕ, ಕಲಬುರಗಿ

ಓಜೀವ್‌ನಲ್ಲಿ ಕೂಡುವುದು ಆವೃತ್ತಿಗಳನ್ನು, ಇಲ್ಲಿ ಕೂಡುವುದು ದಿನದ ಮಳೆಯನ್ನು. ಓದುವ ಬಗೆ ಮಾತ್ರ ಎರಡರಲ್ಲೂ ಒಂದೇ. ಗೆರೆ ಕಡಿದಾಗಿ ಏರಿದ ಕಡೆ ಕಡಿಮೆ ಅಂತರದಲ್ಲಿ ಬಹಳಷ್ಟು ಸೇರಿಕೊಂಡಿದೆ, ಮಟ್ಟಸವಾಗಿ ಸಾಗಿದ ಕಡೆ ಏನೂ ಸೇರಿಲ್ಲ. ಅಂಕಗಳ ಓಜೀವ್‌ನಲ್ಲಿ ಕಡಿದಾದ ಭಾಗವೆಂದರೆ ಹೆಚ್ಚು ಮಕ್ಕಳು ತುಂಬಿರುವ ವರ್ಗಾಂತರ. ಮಳೆಯ ಗೆರೆಯಲ್ಲಿ ಅದು ಜೋರು ಮಳೆಯ ದಿನಗಳು. ಎರಡು ವರ್ಷಗಳ ಗೆರೆಗಳನ್ನು ಒಂದೇ ಹಾಳೆಯಲ್ಲಿ ಬರೆಸಿ, ಎರಡರ ಒಟ್ಟು ಮಳೆಯೂ ಸುಮಾರು ಸಮವಾಗಿರುವಂತೆ ಆರಿಸಿಕೊಳ್ಳಿರಿ.

ರೈತ ಮತ್ತು ಪಾಲಕ, ಆಳಂದ ತಾಲ್ಲೂಕು

ಹಾಗೆ ಬರೆದರೆ ಮಕ್ಕಳಿಗೆ ಕೇಳಬೇಕಾದ ಪ್ರಶ್ನೆಯನ್ನು ನಾನು ಹೇಳುತ್ತೇನೆ. ಒಂದು ವರ್ಷ ಗೆರೆ ಆಗಸ್ಟಿನಲ್ಲಿ ಮೂರು ವಾರ ಮಟ್ಟಸವಾಗಿ ಮಲಗಿ, ಸೆಪ್ಟೆಂಬರಿನ ಕೊನೆಯಲ್ಲಿ ಒಮ್ಮೆಗೇ ಎದ್ದಿದ್ದರೆ, ಕಾಯಿ ಕಟ್ಟುವ ಹೊತ್ತಿನಲ್ಲಿದ್ದ ಹೆಸರು ಮತ್ತು ಉದ್ದಿಗೆ ಏನಾಗಿರಬೇಕು, ಆಳಕ್ಕೆ ಬೇರಿಳಿಸಿ ನಿಂತಿದ್ದ ತೊಗರಿಗೆ ಏನಾಗಿರಬೇಕು? ಒಟ್ಟು ಮಳೆ ಎರಡೂ ವರ್ಷ ಒಂದೇ ಇದ್ದರೂ ನಮ್ಮ ಹೊಲದ ಲೆಕ್ಕ ಏಕೆ ಒಂದೇ ಆಗಲಿಲ್ಲ ಎಂಬುದನ್ನು ಅವರು ಆ ಗೆರೆಯನ್ನು ತೋರಿಸಿಯೇ ಹೇಳಬೇಕು.